ಮಗಳು ಒಡಿಸ್ಸಿ ತಂಡಕ್ಕೆ ಸೇರುತ್ತೇನೆಂದಾಗ

ಪ್ರಶ್ನೆ: ನಾವು ನ್ಯೂ ಜೆರ್ಸಿಯಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಮಗಳು ಆರನೆಯ ತರಗತಿಯಲ್ಲಿದ್ದಾಳೆ. ಶಾಲೆಯಲ್ಲಿ ‘ಒಡಿಸ್ಸಿ ಆಫ್ ದ ಮೈಂಡ್’ ಎಂಬ ಸ್ಪರ್ಧೆಗೆ ತಂಡ ಕಟ್ಟುತ್ತಿದ್ದಾರೆಂದು ಚೀಟಿ ತಂದವಳು ಸೇರಲೇಬೇಕೆಂದು ಹಟ ಹಿಡಿದಿದ್ದಾಳೆ. ಈಗಾಗಲೇ ಭರತನಾಟ್ಯ, ಗಣಿತದ ಟ್ಯೂಷನ್, ಶನಿವಾರದ ಕನ್ನಡ ಶಾಲೆ ಇವೆ. ನನ್ನ ಪತಿ ಮೆಕ್ಯಾನಿಕಲ್ ಇಂಜಿನಿಯರ್. ಬೇಕಾದ ಮಾದರಿಗಳನ್ನು ತಯಾರಿಸಲು ಅವರು ಸಹಾಯ ಮಾಡಬಲ್ಲರು. ಅವಳನ್ನು ಸೇರಿಸಬಹುದೇ? ಯಾವ ಸಮಸ್ಯೆಯನ್ನು ಆರಿಸಿಕೊಂಡರೆ ಗೆಲ್ಲುವ ಸಾಧ್ಯತೆ ಹೆಚ್ಚು? ಮುಂದೆ ಕಾಲೇಜು ಪ್ರವೇಶಕ್ಕೆ ಇದರಿಂದ ಪ್ರಯೋಜನವಿದೆಯೇ?

ಉತ್ತರ: ಸೇರಿಸಬಹುದು. ಮಗು ತಾನಾಗಿಯೇ ಹಟ ಹಿಡಿದಿದ್ದರೆ ಸೇರಿಸುವುದೇ ಒಳ್ಳೆಯದು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಮೂರು ಪ್ರಶ್ನೆಗಳಲ್ಲ, ಅವುಗಳಿಗಿಂತ ಮೊದಲು ಬರುವ ಒಂದು ವಾಕ್ಯ: ‘ಅವರು ಸಹಾಯ ಮಾಡಬಲ್ಲರು’ ಎಂಬುದು. ಈ ಸ್ಪರ್ಧೆಯ ನಿಯಮಪುಸ್ತಕದಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದ ನಿಯಮವಿರುವುದು ಆ ಸಹಾಯದ ಮೇಲೆಯೇ. ಮೊದಲು ಮೂರು ವರ್ಷ ತಂಡಗಳ ಕೋಚ್ ಆಗಿ, ಆಮೇಲೆ ಒಂಬತ್ತು ವರ್ಷ ತೀರ್ಪುಗಾರನಾಗಿ ಇದನ್ನು ಹತ್ತಿರದಿಂದ ನೋಡಿದ ಮೇಲೆ ನನಗೆ ಅನ್ನಿಸಿರುವುದೇನೆಂದರೆ, ಇದಕ್ಕೆ ಸೇರುವ ಮೊದಲು ಪರೀಕ್ಷಿಸಿಕೊಳ್ಳಬೇಕಾದದ್ದು ಮಗುವಿನ ಪ್ರತಿಭೆಯನ್ನಲ್ಲ, ತಂದೆತಾಯಿಯರ ಸಂಯಮವನ್ನು.

ಮೊದಲು ಸ್ಪರ್ಧೆಯ ಸ್ವರೂಪವನ್ನು ಹೇಳಿಬಿಡುತ್ತೇನೆ. (ಹೆಸರಿನಿಂದ ಗೊಂದಲವಾಗುವುದು ಸಹಜ. ನಮ್ಮ ತಂಡದ ಹುಡುಗಿಯೊಬ್ಬಳ ಅಜ್ಜಿ ಮೈಸೂರಿನಲ್ಲಿ ನೆಂಟರಿಷ್ಟರಿಗೆಲ್ಲ ಮೊಮ್ಮಗಳು ಒಡಿಸ್ಸಿ ನೃತ್ಯ ಕಲಿಯುತ್ತಿದ್ದಾಳೆಂದು ಹೇಳಿಕೊಂಡು ಬಂದಿದ್ದರು.) ಇದು ಹುಟ್ಟಿದ್ದು ನಿಮ್ಮ ರಾಜ್ಯದಲ್ಲಿಯೇ. ಗ್ಲಾಸ್‌ಬರೋ ಸ್ಟೇಟ್ ಕಾಲೇಜಿನಲ್ಲಿ, ಅಂದರೆ ಇಂದಿನ ರೋವನ್ ವಿಶ್ವವಿದ್ಯಾಲಯದಲ್ಲಿ, ಕೈಗಾರಿಕಾ ವಿನ್ಯಾಸವನ್ನು ಕಲಿಸುತ್ತಿದ್ದ ಸ್ಯಾಮ್ಯುಯೆಲ್ ಮಿಕ್ಲಸ್ ಅವರು ತಮ್ಮ ವಿದ್ಯಾರ್ಥಿಗಳಿಗೆ ಚಕ್ರವಿಲ್ಲದ ವಾಹನ ಮಾಡಿ, ನೀರಿನ ಮೇಲೆ ದಾಟುವ ಸಾಧನ ಮಾಡಿ ಎಂಬಂಥ ವಿಚಿತ್ರ ಕೆಲಸಗಳನ್ನು ಕೊಡುತ್ತಿದ್ದರು. ಸಾಧನ ಓಡಿತೋ ಮುಳುಗಿತೋ ಎನ್ನುವುದಕ್ಕಿಂತ ವಿದ್ಯಾರ್ಥಿ ಎಷ್ಟು ಹೊಸ ದಾರಿ ಹಿಡಿದ ಎನ್ನುವುದಕ್ಕೆ ಬೆಲೆ ಕೊಡುತ್ತಿದ್ದರು. ಅವರೂ ಥಿಯೊಡೋರ್ ಗೌರ್ಲಿ ಅವರೂ ಸೇರಿ 1978ರಲ್ಲಿ ಅದನ್ನೇ ಶಾಲಾಮಕ್ಕಳ ಸ್ಪರ್ಧೆಯಾಗಿ ಮಾಡಿದರು. ಮೊದಲು ಹೆಸರಿನಲ್ಲಿ ‘ಒಲಿಂಪಿಕ್ಸ್’ ಇತ್ತು. ಅಮೆರಿಕದ ಒಲಿಂಪಿಕ್ ಸಮಿತಿ ಆಕ್ಷೇಪಿಸಿದ್ದರಿಂದ ಅದು ‘ಒಡಿಸ್ಸಿ’ಯಾಯಿತು. 1999ರಲ್ಲಿ ಇದರಿಂದ ಒಂದು ಗುಂಪು ಬೇರೆಯಾಗಿ ‘ಡೆಸ್ಟಿನೇಶನ್ ಇಮ್ಯಾಜಿನೇಶನ್’ ಎಂಬ ಮತ್ತೊಂದು ಸ್ಪರ್ಧೆಯನ್ನು ಆರಂಭಿಸಿತು. ಎರಡರ ಮನೋಧರ್ಮವೂ ಒಂದೇ. ನಿಮ್ಮ ಶಾಲೆಯಲ್ಲಿ ಯಾವುದಿದೆಯೋ ಅದಕ್ಕೆ ಸೇರಿದರಾಯಿತು. ಇನ್ನೊಂದನ್ನು ಹುಡುಕಿಕೊಂಡು ಪಕ್ಕದ ಊರಿಗೆ ಹೋಗುವ ಅಗತ್ಯವಿಲ್ಲ.

ಒಂದು ತಂಡದಲ್ಲಿ ಹೆಚ್ಚೆಂದರೆ ಏಳು ಮಕ್ಕಳು. ಆರರಿಂದ ಎಂಟನೆಯ ತರಗತಿಯವರೆಗಿನವರು ಎರಡನೆಯ ವಿಭಾಗಕ್ಕೆ ಸೇರುತ್ತಾರೆ, ಆದ್ದರಿಂದ ನಿಮ್ಮ ಮಗಳು ಅಲ್ಲಿನ ಕಿರಿಯರಲ್ಲಿ ಒಬ್ಬಳಾಗುತ್ತಾಳೆ. ಪ್ರತಿವರ್ಷ ಐದು ದೀರ್ಘಾವಧಿ ಸಮಸ್ಯೆಗಳನ್ನು ಕೊಡುತ್ತಾರೆ: ಒಂದು ವಾಹನದ್ದು, ಒಂದು ತಾಂತ್ರಿಕ ಸಾಧನಗಳದ್ದು, ಒಂದು ಹಳೆಯ ಸಾಹಿತ್ಯವನ್ನೋ ಕಲೆಯನ್ನೋ ಪುರಾಣವನ್ನೋ ಆಧರಿಸಿದ್ದು, ಒಂದು ಬಾಲ್ಸಾ ಮರದ ಕಡ್ಡಿಗಳಿಂದ ಕಟ್ಟಿ ಭಾರ ಹೊರಿಸುವಂಥದ್ದು, ಒಂದು ಪೂರ್ತಿ ನಾಟಕದ್ದು. ತಂಡವು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ನಾಲ್ಕೈದು ತಿಂಗಳು ಕೆಲಸ ಮಾಡಿ, ಸ್ಪರ್ಧೆಯ ದಿನ ಎಂಟು ನಿಮಿಷಗಳಲ್ಲಿ ತನ್ನ ಪರಿಹಾರವನ್ನು ಪ್ರದರ್ಶಿಸಬೇಕು. ರಂಗಸಜ್ಜಿಕೆಯನ್ನು ನಿಲ್ಲಿಸುವುದೂ ಆ ಎಂಟು ನಿಮಿಷಗಳೊಳಗೆಯೇ ಆಗಬೇಕು. ಬಾಲ್ಸಾ ಕಟ್ಟಡವೂ ಸೇರಿದಂತೆ ಎಲ್ಲ ಸಮಸ್ಯೆಗಳಲ್ಲಿಯೂ ಸಣ್ಣ ನಾಟಕವೊಂದು ಇದ್ದೇ ಇರುತ್ತದೆ ಎಂಬುದು ಹೊಸಬರಿಗೆ ಆಶ್ಚರ್ಯ ತರುವ ವಿಷಯ. ದೀರ್ಘಾವಧಿ ಸಮಸ್ಯೆಗೆ 200 ಅಂಕ, ಅದನ್ನು ಅಲಂಕರಿಸಿ ತೋರಿಸುವ ಶೈಲಿಗೆ 50, ಅದೇ ದಿನ ಮುಚ್ಚಿದ ಕೋಣೆಯಲ್ಲಿ ಕೊಡುವ ದಿಢೀರ್ ಸಮಸ್ಯೆಗೆ 100. ಈ ಕೊನೆಯದನ್ನು ಅವರು ‘ಸ್ಪಾಂಟೇನಿಯಸ್’ ಎನ್ನುತ್ತಾರೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ನಿಮ್ಮ ಮನೆಯವರು ಧಾರಾಳವಾಗಿ ನೆರವಾಗಬಹುದಾದ ಜಾಗ ಅದೊಂದೇ.

ಈಗ ಆ ನಿಯಮ. ‘ಔಟ್‌ಸೈಡ್ ಅಸಿಸ್ಟೆನ್ಸ್’, ಅಂದರೆ ಹೊರಗಿನವರ ನೆರವು. ಆ ಏಳು ಮಕ್ಕಳನ್ನು ಬಿಟ್ಟು ಉಳಿದವರೆಲ್ಲರೂ ಹೊರಗಿನವರೇ: ತಂದೆ, ತಾಯಿ, ಅಣ್ಣ, ಶಿಕ್ಷಕಿ, ಸ್ವತಃ ಕೋಚ್ ಕೂಡ. ಪರಿಹಾರದ ಕಲ್ಪನೆ, ವಿನ್ಯಾಸ, ಕತ್ತರಿಸುವುದು, ಅಂಟಿಸುವುದು, ಬಣ್ಣ ಹಚ್ಚುವುದು, ಸಂಭಾಷಣೆ ಬರೆಯುವುದು, ಉಡುಪು ಹೊಲಿಯುವುದು, ಮುಖಕ್ಕೆ ಬಣ್ಣ ಬಳಿಯುವುದು, ಸ್ಪರ್ಧೆಯ ದಿನ ದಾರಿಯಲ್ಲಿ ಮುರಿದದ್ದನ್ನು ಸರಿಪಡಿಸುವುದು, ಇವೆಲ್ಲವೂ ಮಕ್ಕಳ ಕೈಯಿಂದಲೇ ಆಗಬೇಕು. ಕೋಚ್ ಪ್ರಶ್ನೆ ಕೇಳಬಹುದು, ಉತ್ತರ ಸೂಚಿಸುವಂತಿಲ್ಲ. ಮಕ್ಕಳು ಪಟ್ಟಿ ಕೊಟ್ಟರೆ ಅಂಗಡಿಯಿಂದ ಸಾಮಾನು ತಂದುಕೊಡಬಹುದು, ‘ಇದಕ್ಕಿಂತ ಅದು ಗಟ್ಟಿ’ ಎನ್ನುವಂತಿಲ್ಲ. ಸ್ಪರ್ಧೆಗೆ ಮೊದಲು ಮಕ್ಕಳು ಹೊರಗಿನ ನೆರವಿನ ಕುರಿತ ಒಂದು ನಮೂನೆಯನ್ನು ತುಂಬಿ ಕೊಡಬೇಕು; ಪ್ರದರ್ಶನ ಮುಗಿದ ಮೇಲೆ ತೀರ್ಪುಗಾರರು ಮಕ್ಕಳ ಸುತ್ತ ನಿಂತು ಮಾತನಾಡಿಸುತ್ತಾರೆ. ಮಾತು ಸ್ನೇಹದಿಂದಲೇ ಇರುತ್ತದೆ, ಆದರೆ ಕಿವಿ ಚುರುಕಾಗಿರುತ್ತದೆ.

ಅಂಥ ಒಂದು ಸಂದರ್ಭದಲ್ಲಿ ನಾನು ಹುಡುಗನೊಬ್ಬನನ್ನು ಅವನು ತೊಟ್ಟಿದ್ದ ಹಕ್ಕಿಯ ರೆಕ್ಕೆಯ ಬಗ್ಗೆ ಕೇಳಿದೆ. ಹಳೆಯ ಸೀರೆಯೊಂದನ್ನು ಕತ್ತರಿಸಿ, ಒಂದರ ಮೇಲೊಂದು ಗರಿಗಳಂತೆ ಹೊಲಿದಿದ್ದ ಬಹಳ ಚೆಂದದ ರೆಕ್ಕೆ ಅದು. ಎಡಗಡೆಯ ಹೊಲಿಗೆ ನೂಲು ಹಿಡಿದಂತೆ ನೇರವಾಗಿತ್ತು; ಬಲಗಡೆಯದು ಏರಿಳಿದು, ಎರಡು ಕಡೆ ಗಂಟು ಬಿದ್ದಿತ್ತು. ಯಾರು ಹೊಲಿದದ್ದು ಎಂದೆ. ‘ಈ ಕಡೆ ಅಜ್ಜಿ ತೋರಿಸಿಕೊಟ್ಟರು, ಆ ಕಡೆ ನಾನು ಮಾಡಿದೆ’ ಎಂದು ಹುಡುಗ ಹೆಮ್ಮೆಯಿಂದಲೇ ಹೇಳಿದ. ದಾವಣಗೆರೆಯಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿ, ಮೊಮ್ಮಗ ಸೂಜಿಯಿಂದ ಬೆರಳು ಚುಚ್ಚಿಕೊಳ್ಳುವುದನ್ನು ನೋಡಲಾರದೆ ಒಂದು ರೆಕ್ಕೆಯನ್ನು ತಾವೇ ಮುಗಿಸಿದ್ದರು. ಅಂಕ ಕಳೆಯಬೇಕಾಯಿತು. ದಂಡ ಎಷ್ಟೆಂಬುದು ನೆರವಿನ ಪ್ರಮಾಣಕ್ಕೆ ತಕ್ಕಂತೆ ಇರುತ್ತದೆ. ಆ ದಿನ ಅದು ಸಣ್ಣದೇ, ಆದರೂ ಅದನ್ನು ಬರೆಯುವಾಗ ನನ್ನ ಪೆನ್ನು ಭಾರವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಅಜ್ಜಿ ಅದೇ ಹೊಲಿಗೆಯನ್ನು ಬೇರೊಂದು ಹರಕು ಬಟ್ಟೆಯ ಮೇಲೆ ಕಲಿಸಿ, ರೆಕ್ಕೆಯನ್ನು ಮುಟ್ಟದೆ ಎದ್ದುಹೋಗಿದ್ದರೆ ಯಾವ ತಪ್ಪೂ ಆಗುತ್ತಿರಲಿಲ್ಲ. ಕೌಶಲವನ್ನು ಯಾರು ಬೇಕಾದರೂ ಕಲಿಸಬಹುದು. ಆ ಕೌಶಲವನ್ನು ಎಲ್ಲಿ, ಹೇಗೆ ಬಳಸಬೇಕೆಂದು ಹೇಳುವಂತಿಲ್ಲ, ಬಳಸಿಯಂತೂ ಕೊಡುವಂತಿಲ್ಲ. ನಿಯಮದ ಸಾರವೆಲ್ಲ ಇಷ್ಟೇ.

ನಿಮ್ಮ ಪತಿಯವರ ವಿಷಯಕ್ಕೂ ಇದೇ ಅಳತೆ. ಗರಗಸ ಹಿಡಿಯುವುದು ಹೇಗೆ, ಬೆಸುಗೆ ಹಾಕುವಾಗ ಕಣ್ಣಿಗೆ ಏನು ಧರಿಸಬೇಕು, ಗೇರು ಎಂದರೇನು, ಸನ್ನೆ ಹೇಗೆ ಕೆಲಸ ಮಾಡುತ್ತದೆ ಎಂದು ಇಡೀ ತಂಡಕ್ಕೆ ಒಂದು ಭಾನುವಾರ ಪಾಠ ಹೇಳಲಿ. ಅದು ತಂಡಕ್ಕೆ ದೊಡ್ಡ ಉಪಕಾರ. ಆದರೆ ಮಕ್ಕಳು ತಮ್ಮ ವಾಹನಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಕೋ ಬ್ಯಾಟರಿ ಹಾಕಬೇಕೋ ಎಂದು ಚರ್ಚಿಸುತ್ತಿರುವಾಗ ಅವರು ಆ ಕೋಣೆಯಲ್ಲಿ ಇರದಿರುವುದೇ ಕ್ಷೇಮ. ಇಂಜಿನಿಯರುಗಳಿಗೆ ಇದು ಬಹಳ ಕಷ್ಟ, ನಾನೂ ಇಂಜಿನಿಯರೇ. ತಪ್ಪಾಗಿ ಜೋಡಿಸಿದ ಚಕ್ರದ ಅಚ್ಚು ಕಣ್ಣೆದುರು ಬಾಗುತ್ತಿದ್ದರೂ ಬಾಯಿ ಮುಚ್ಚಿ ಕುಳಿತಿರುವುದನ್ನು ಕಲಿಯಲು ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು. ‘ಅದು ಯಾಕೆ ಬಾಗುತ್ತಿದೆ ಅಂತ ನಿಮಗೆ ಅನ್ನಿಸುತ್ತದೆ?’ ಎಂಬ ಒಂದೇ ಪ್ರಶ್ನೆ ನನ್ನ ಪಾಲಿನ ಆಯುಧ. ಅದನ್ನೂ ಯಾವ ಧ್ವನಿಯಲ್ಲಿ ಕೇಳುತ್ತೇವೆ ಎಂಬುದು ಮುಖ್ಯ, ಏಕೆಂದರೆ ಹುಬ್ಬೇರಿಸಿ ಕೇಳಿದರೆ ಮಕ್ಕಳಿಗೆ ಅದೇ ಉತ್ತರವಾಗಿಬಿಡುತ್ತದೆ.

ನಮ್ಮ ಸಮುದಾಯದಲ್ಲಿ ಈ ವಿಷಯವನ್ನು ಒತ್ತಿ ಹೇಳಬೇಕಾಗುತ್ತದೆ. ಮಗುವಿನ ವಿಜ್ಞಾನ ಪ್ರದರ್ಶನದ ಮಾದರಿಯನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ಅಪ್ಪ ಮಾಡುವುದು, ಚಾರ್ಟಿನ ಮೇಲೆ ಅಮ್ಮ ಚೆಂದದ ಅಕ್ಷರದಲ್ಲಿ ಬರೆಯುವುದು ನಾವು ಬೆಳೆದ ರೀತಿಯ ಭಾಗವೇ ಆಗಿತ್ತು. ಅದನ್ನು ಯಾರೂ ಮೋಸವೆಂದು ಎಣಿಸುತ್ತಿರಲಿಲ್ಲ, ಪ್ರೀತಿಯೆಂದೇ ಎಣಿಸುತ್ತಿದ್ದರು. ಇಲ್ಲಿ ಅದೇ ಪ್ರೀತಿ ಮಗಳಿಗೂ, ಅವಳ ಜೊತೆಗಿರುವ ಆರು ಮಕ್ಕಳಿಗೂ ನಷ್ಟ ತರುತ್ತದೆ. ಮಕ್ಕಳೇ ಮಾಡಿದ ಕೆಲಸ ಮೊದಮೊದಲು ನೋಡಲು ಸೊಟ್ಟಗಿರುತ್ತದೆ, ಅಂಟು ಒಸರಿರುತ್ತದೆ, ಅಕ್ಷರ ಕೆಳಗೆ ಜಾರಿರುತ್ತದೆ. ಅನುಭವವಿರುವ ತೀರ್ಪುಗಾರರಿಗೆ ಅದನ್ನು ನೋಡಿದರೆ ನೆಮ್ಮದಿ.

ಯಾವ ಸಮಸ್ಯೆಯಲ್ಲಿ ಗೆಲುವು ಸುಲಭ ಎಂದು ಕೇಳಿದ್ದೀರಿ. ಆಯ್ಕೆ ನಿಮ್ಮದೂ ಅಲ್ಲ, ನಿಮ್ಮ ಮಗಳೊಬ್ಬಳದೂ ಅಲ್ಲ; ಏಳು ಮಕ್ಕಳು ಕೂಡಿ ತೀರ್ಮಾನಿಸುವಂಥದ್ದು. ಪ್ರತಿ ತಂಡವೂ ಅದೇ ಸಮಸ್ಯೆಯನ್ನು ಅದೇ ವಿಭಾಗದಲ್ಲಿ ಆರಿಸಿಕೊಂಡ ತಂಡಗಳೊಡನೆ ಮಾತ್ರ ಸ್ಪರ್ಧಿಸುತ್ತದೆ. ಆದ್ದರಿಂದ ಕಡಿಮೆ ತಂಡಗಳಿರುವ ಸಮಸ್ಯೆಯನ್ನು ಹುಡುಕುವ ಚಾಣಾಕ್ಷ ಕೋಚ್‌ಗಳೂ ಇದ್ದಾರೆ. ಅವರ ತಂಡಗಳು ಜನವರಿಯ ಹೊತ್ತಿಗೆ ಬೇಸರದಿಂದ ಆಕಳಿಸುವುದನ್ನು ಕಂಡಿದ್ದೇನೆ, ಏಕೆಂದರೆ ಮಕ್ಕಳಿಗೆ ಇಷ್ಟವಿಲ್ಲದ ಸಮಸ್ಯೆಯನ್ನು ನಾಲ್ಕು ತಿಂಗಳು ಹೊತ್ತು ನಡೆಯುವುದು ಸಾಧ್ಯವಾಗದು. ಅಂದಹಾಗೆ, ಬಾಲ್ಸಾ ಸಮಸ್ಯೆಯನ್ನು ‘ಕಡ್ಡಿ ಅಂಟಿಸುವುದು ತಾನೆ’ ಎಂದು ತಳ್ಳಿಹಾಕಬೇಡಿ. ಒಂದು ಇಂಚಿನ ಎಂಟನೆಯ ಒಂದು ಭಾಗದಷ್ಟು ದಪ್ಪದ ಕಡ್ಡಿಗಳು, ಅಂಟು ಇವೆರಡರಿಂದಲೇ ಕಟ್ಟಿದ, ಹದಿನೈದು ಹದಿನೆಂಟು ಗ್ರಾಂ ತೂಕದ, ಅಂಗೈಯಲ್ಲಿ ಇಟ್ಟರೆ ಇದೆಯೋ ಇಲ್ಲವೋ ಎನ್ನುವಂಥ ಪುಟ್ಟ ಗೋಪುರದ ಮೇಲೆ ಮಕ್ಕಳು ಕಬ್ಬಿಣದ ತೂಕದ ಬಿಲ್ಲೆಗಳನ್ನು ಒಂದೊಂದಾಗಿ ಏರಿಸುತ್ತಾರೆ. ಒಳ್ಳೆಯ ತಂಡಗಳ ಗೋಪುರಗಳು ನೂರಾರು ಪೌಂಡು ಹೊರುತ್ತವೆ, ಅತ್ಯುತ್ತಮವಾದವು ಸಾವಿರ ಪೌಂಡನ್ನೂ ದಾಟಿವೆ. ಅದು ಕೊನೆಗೆ ಚಟ್ಟೆಂದು ಮುರಿಯುವ ಕ್ಷಣದಲ್ಲಿ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿರುತ್ತದೆ. ತಾಳ್ಮೆಯಿಂದ ಒಂದೇ ಕೆಲಸವನ್ನು ಮೂವತ್ತು ಸಲ ಮಾಡಬಲ್ಲ ಮಗುವಿಗೆ ಅದಕ್ಕಿಂತ ಒಳ್ಳೆಯ ಸಮಸ್ಯೆ ಇಲ್ಲ.

ನಿಮ್ಮ ಮಗಳ ಭರತನಾಟ್ಯ ಇಲ್ಲಿ ಕೆಲಸಕ್ಕೆ ಬರುತ್ತದೆ, ಅದರಲ್ಲಿಯೂ ಶೈಲಿಯ ಅಂಕಗಳಲ್ಲಿ. ಶೈಲಿಗೆ ಐದು ಅಂಶಗಳಿರುತ್ತವೆ. ಎರಡನ್ನು ಸಮಸ್ಯೆಯಲ್ಲಿಯೇ ಹೇಳಿರುತ್ತಾರೆ, ಎರಡನ್ನು ತಂಡ ತಾನೇ ಆರಿಸಿಕೊಳ್ಳುತ್ತದೆ, ಐದನೆಯದು ಒಟ್ಟಾರೆ ಪರಿಣಾಮ. ಒಂದು ಅಭಿನಯದ ತುಣುಕನ್ನೋ ಜತಿಯನ್ನೋ ಅವಳು ತನ್ನ ಆಯ್ಕೆಯ ಅಂಶವಾಗಿ ಸೂಚಿಸಬಹುದು, ತಂಡ ಒಪ್ಪಿದರೆ. ಆದರೆ ಈ ಪ್ರದರ್ಶನಕ್ಕೆಂದೇ ಅವಳ ಗುರುಗಳು ಹೆಜ್ಜೆ ಕಟ್ಟಿಕೊಟ್ಟರೆ ಅದು ಹೊರಗಿನ ನೆರವಾಗುತ್ತದೆ. ಈಗಾಗಲೇ ಕಲಿತಿರುವ ಅಡವುಗಳನ್ನು ತಾನೇ ಜೋಡಿಸಿಕೊಳ್ಳಲಿ. ಗುರುಗಳಿಗೆ ನೀವು ಮೊದಲೇ ವಿನಯದಿಂದ ತಿಳಿಸುವುದು ಒಳ್ಳೆಯದು, ಇಲ್ಲದಿದ್ದರೆ ಅವರು ಪ್ರೀತಿಯಿಂದಲೇ ತಿದ್ದಲು ಕೂರುತ್ತಾರೆ.

ಇನ್ನು ದಿಢೀರ್ ಸಮಸ್ಯೆ. ಕೋಣೆಯ ಬಾಗಿಲು ಮುಚ್ಚಿದ ಮೇಲೆಯೇ ಅದು ಏನೆಂದು ತಿಳಿಯುವುದು. ಕೆಲವು ಮಾತಿನವು, ಕೆಲವು ಕೈಕೆಲಸದವು, ಕೆಲವು ಎರಡೂ ಬೆರೆತವು. ಮಾತಿನ ಬಗೆಯಲ್ಲಿ ಒಂದು ವಸ್ತುವನ್ನು ತೋರಿಸಿ ‘ಇದು ಏನೇನಾಗಬಹುದು’ ಎಂಬಂತೆ ಕೇಳುತ್ತಾರೆ. ಯಾರಿಗಾದರೂ ಹೊಳೆಯುವ ಉತ್ತರಕ್ಕೆ ಕಡಿಮೆ ಅಂಕ, ಅನಿರೀಕ್ಷಿತವಾದದ್ದಕ್ಕೆ ಹೆಚ್ಚು. ಕೈಕೆಲಸದ ಬಗೆಯಲ್ಲಿ ನಾಲ್ಕು ಸ್ಟ್ರಾ, ಎರಡು ಕಾಗದ, ಸ್ವಲ್ಪ ಜೇಡಿಮಣ್ಣು ಕೊಟ್ಟು ಸೇತುವೆ ಕಟ್ಟಿ ಎನ್ನಬಹುದು. ಇದರ ಅಭ್ಯಾಸವನ್ನು ಮನೆಯಲ್ಲಿ ಎಷ್ಟು ಬೇಕಾದರೂ ಮಾಡಿಸಿ, ಇದಕ್ಕೆ ಹೊರಗಿನ ನೆರವಿನ ತೊಡಕಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಈಳಿಗೆಮಣೆಯನ್ನೋ ಶಾವಿಗೆ ಒತ್ತುವ ಒರಳನ್ನೋ ಮೇಜಿನ ಮೇಲಿಟ್ಟು ಸರದಿಯಂತೆ ಒಬ್ಬೊಬ್ಬರೂ ಒಂದೊಂದು ಉಪಯೋಗ ಹೇಳುವ ಆಟ ಆಡಿ. ನಿಂತು ಯೋಚಿಸುವಂತಿಲ್ಲ, ಒಬ್ಬರು ಹೇಳಿದ್ದನ್ನು ಮತ್ತೊಬ್ಬರು ಹೇಳುವಂತಿಲ್ಲ ಎಂದು ಕಟ್ಟು ಮಾಡಿಕೊಳ್ಳಿ. ಎರಡು ಮನೆಮಾತುಗಳಲ್ಲಿ ಬೆಳೆದ ಮಕ್ಕಳಿಗೆ ಇಲ್ಲಿ ಒಂದು ಅನುಕೂಲವಿದೆ. ಒಮ್ಮೆ ಅಭ್ಯಾಸದ ಸಮಯದಲ್ಲಿ ಮಡಚುವ ಕೊಡೆಯನ್ನು ತೋರಿಸಿದಾಗ, ಉಳಿದ ಮಕ್ಕಳು ಪ್ಯಾರಾಚೂಟು, ಬಾವಲಿ, ಬಿಸಿಲಿನ ಮರೆ ಎಂದು ಹೋಗುತ್ತಿದ್ದರೆ ಒಬ್ಬ ಹುಡುಗಿ ‘ಇದು ತೇರು, ಆದರೆ ಎಳೆಯುವವರು ಇನ್ನೂ ಬಂದಿಲ್ಲ, ಅದಕ್ಕೇ ಮುಚ್ಚಿಕೊಂಡು ನಿಂತಿದೆ’ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ನೋಡಿದ ರಥೋತ್ಸವ ಅವಳ ತಲೆಯಲ್ಲಿತ್ತು. ಅಂಥ ಉತ್ತರವನ್ನು ಯಾರೂ ಕಲಿಸಿ ಕೊಡಲಾಗದು.

ಸಮಯದ ವಿಷಯದಲ್ಲಿ ನಿಮಗೆ ಎಚ್ಚರಿಕೆ ಬೇಕು. ಶರತ್ಕಾಲದಲ್ಲಿ ವಾರಕ್ಕೆ ಒಂದು ಸಭೆ ಸಾಕು. ಹೊಸ ವರ್ಷ ಕಳೆದ ಮೇಲೆ ಎರಡು, ಪ್ರಾದೇಶಿಕ ಸ್ಪರ್ಧೆ ಹತ್ತಿರ ಬಂದಂತೆ ಶನಿವಾರದ ಹಗಲೂ ಹೋಗುತ್ತದೆ. ಪ್ರಾದೇಶಿಕ ಸ್ಪರ್ಧೆಗಳು ಚಳಿಗಾಲ ಮುಗಿಯುವ ಹೊತ್ತಿಗೆ, ರಾಜ್ಯಮಟ್ಟದವು ವಸಂತದಲ್ಲಿ, ಅಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮೇ ತಿಂಗಳ ಕೊನೆಯ ಸುಮಾರಿಗೆ ವಿಶ್ವ ಅಂತಿಮ ಸ್ಪರ್ಧೆ. ಮಿಷಿಗನ್ ಸ್ಟೇಟ್, ಅಯೋವಾ ಸ್ಟೇಟ್‌ನಂಥ ವಿಶ್ವವಿದ್ಯಾಲಯಗಳ ಆವರಣದಲ್ಲಿ ಅದು ನಡೆಯುತ್ತ ಬಂದಿದೆ. ಪೋಲೆಂಡ್, ಸಿಂಗಪುರ, ಚೀನಾ ಮುಂತಾದ ದೇಶಗಳ ಮಕ್ಕಳೂ ಬರುತ್ತಾರೆ, ತಮ್ಮ ರಾಜ್ಯದ, ದೇಶದ ಗುರುತಿರುವ ಪುಟ್ಟ ಪಿನ್ನುಗಳನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುವುದೇ ಅಲ್ಲಿ ಒಂದು ಹಬ್ಬ. ಅಲ್ಲಿಯವರೆಗೆ ಹೋದರೆ ಪ್ರಯಾಣ, ವಸತಿಗಳ ಖರ್ಚು ನಿಮ್ಮ ಮೇಲೆ ಬೀಳಬಹುದು. ಅದಕ್ಕಿಂತ ಮೊದಲಿನ ಖರ್ಚು ಹೆಚ್ಚಲ್ಲ. ಪ್ರದರ್ಶನದಲ್ಲಿ ಬಳಸುವ ವಸ್ತುಗಳ ಬೆಲೆಗೆ ಪ್ರತಿ ಸಮಸ್ಯೆಯಲ್ಲಿಯೂ ಮಿತಿಯಿರುತ್ತದೆ, ಸಾಮಾನ್ಯವಾಗಿ ನೂರೈವತ್ತು ಡಾಲರಿನ ಒಳಗೆ, ಮತ್ತು ಹಳೆಯ ವಸ್ತುಗಳನ್ನು ಗರಾಜ್ ಸೇಲಿನ, ಅಂದರೆ ಮನೆಯಂಗಳದಲ್ಲಿ ಹಳೆಯ ಸಾಮಾನು ಮಾರುವಾಗಿನ, ಬೆಲೆಗೆ ಲೆಕ್ಕ ಹಿಡಿಯಬಹುದು. ಕಸಕ್ಕೆ ಹಾಕಬೇಕೆಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಈಗಿನಿಂದಲೇ ಎತ್ತಿಡಿ.

ಗಣಿತದ ಟ್ಯೂಷನ್ನನ್ನು ಒಂದು ವರ್ಷ ಕೈಬಿಡಿ ಎಂದು ನಾನು ಹೇಳಿದರೆ ನಿಮಗೆ ಬೇಸರವಾಗಬಹುದು. ಆದರೂ ಮೂರರಲ್ಲಿ ಒಂದನ್ನು ಸಡಿಲಿಸದೆ ನಾಲ್ಕನೆಯದನ್ನು ಹೇರಬೇಡಿ. ಏಕೆಂದರೆ ಮಧ್ಯದಲ್ಲಿ ತಂಡ ಬಿಡುವುದು ಇಲ್ಲಿ ಸಣ್ಣ ವಿಷಯವಲ್ಲ. ಪರಿಹಾರಕ್ಕೆ ಒಮ್ಮೆ ಕೈಹಾಕಿದ ಮಗುವಿನ ಹೆಸರು ತಂಡದ ಪಟ್ಟಿಯಲ್ಲಿ ಉಳಿಯುತ್ತದೆ. ಏಳು ಹೆಸರು ತುಂಬಿದ ಮೇಲೆ ಒಬ್ಬರು ಹೊರಹೋದರೆ ಅವರ ಜಾಗಕ್ಕೆ ಇನ್ನೊಬ್ಬರನ್ನು ತರುವಂತಿಲ್ಲ. ಡಿಸೆಂಬರ್ ರಜೆಯಲ್ಲಿ ಐದು ವಾರ ಊರಿಗೆ ಹೋಗುವ ಯೋಚನೆಯಿದ್ದರೆ ಅದನ್ನು ಮೊದಲ ಸಭೆಯಲ್ಲಿಯೇ ತಿಳಿಸಿ. ಆ ಸಭೆಯಲ್ಲಿಯೇ ಇನ್ನೂ ಎರಡು ಸಂಗತಿ ಕೇಳಿಕೊಳ್ಳಿ: ಕೋಚ್ ಯಾರು, ಅವರು ಹಿಂದೆ ಯಾವುದಾದರೂ ತಂಡವನ್ನು ನಡೆಸಿದ್ದಾರೆಯೇ ಎಂಬುದು ಒಂದು, ತಂಡದ ಮಕ್ಕಳನ್ನು ಹೇಗೆ ಆರಿಸುತ್ತಾರೆ ಎಂಬುದು ಇನ್ನೊಂದು. ಏಳು ಜನ ಗಣಿತದ ಜಾಣರನ್ನೇ ಕೂಡಿಸಿದ ತಂಡವೊಂದನ್ನು ನಾನು ನಡೆಸಿದ್ದೇನೆ. ಎಲ್ಲರೂ ಸಾಧನದ ನಕ್ಷೆ ಬರೆದರು, ಒಬ್ಬರೂ ಸಂಭಾಷಣೆ ಬರೆಯಲಿಲ್ಲ, ಪರದೆಗೆ ಬಣ್ಣ ಹಚ್ಚುವವರಿಲ್ಲ. ಫೆಬ್ರವರಿಯಲ್ಲಿ ನಾಟಕ ಸಿದ್ಧವೇ ಇರಲಿಲ್ಲ. ಒಬ್ಬ ಹರಟೆಗಾರ, ಒಬ್ಬ ಚಿತ್ರ ಬರೆಯುವವಳು, ಗಡಿಯಾರ ಬಿಚ್ಚಿ ಹಾಳುಮಾಡಿದ ಅನುಭವವಿರುವ ಒಬ್ಬ ಹುಡುಗ ಇರುವ ತಂಡ ಸಿಕ್ಕರೆ ಬಿಡಬೇಡಿ.

ಕಾಲೇಜು ಪ್ರವೇಶದ ಬಗ್ಗೆ: ಆರನೆಯ ತರಗತಿಯ ಚಟುವಟಿಕೆಯನ್ನು ಅಲ್ಲಿ ಯಾರೂ ನೋಡುವುದಿಲ್ಲ. ಆ ಲೆಕ್ಕವನ್ನು ಈಗ ಬದಿಗಿಡಿ.

ನಿಮ್ಮ ಪತಿಯವರ ಉತ್ಸಾಹಕ್ಕೆ ಮಾತ್ರ ಒಂದು ನೇರವಾದ ದಾರಿಯಿದೆ. ಬಹಳಷ್ಟು ಕಡೆ ಪ್ರತಿ ತಂಡವೂ ಸ್ಪರ್ಧೆಯ ದಿನಕ್ಕೆ ಒಬ್ಬ ಸ್ವಯಂಸೇವಕ ತೀರ್ಪುಗಾರರನ್ನು ಕೊಡಬೇಕಾಗುತ್ತದೆ, ಮತ್ತು ಕೋಚ್‌ಗಳು ಆ ಹೆಸರಿಗಾಗಿ ಕೊನೆಯ ಗಳಿಗೆಯವರೆಗೂ ಪರದಾಡುತ್ತಿರುತ್ತಾರೆ. ಅವರು ಈಗಲೇ ಹೆಸರು ಕೊಡಲಿ. ಮಗಳ ತಂಡ ಇರುವ ಸಮಸ್ಯೆಗೆ ಅವರನ್ನು ಹಾಕುವುದಿಲ್ಲ, ಬೇರೆಯದಕ್ಕೆ ಹಾಕುತ್ತಾರೆ. ಹತ್ತು ಹದಿನೈದು ತಂಡಗಳ ಸಾಧನಗಳನ್ನು ಹತ್ತಿರದಿಂದ ನೋಡುವ, ಮಕ್ಕಳನ್ನು ಪ್ರಶ್ನಿಸುವ ಅವಕಾಶ ಒಬ್ಬ ಇಂಜಿನಿಯರಿಗೆ ಇದಕ್ಕಿಂತ ಚೆನ್ನಾಗಿ ಬೇರೆಲ್ಲಿಯೂ ಸಿಗದು. ಸ್ಪರ್ಧೆಗೆ ಕೆಲವು ವಾರ ಮೊದಲು ಅದಕ್ಕೆ ತರಬೇತಿ ಇರುತ್ತದೆ. ಅದು ಶನಿವಾರವೇ ಬಿದ್ದರೆ, ಆ ದಿನ ಮಗಳನ್ನು ಕನ್ನಡ ಶಾಲೆಗೆ ನೀವೇ ಬಿಟ್ಟುಬರಬೇಕಾದೀತು.